ಅಂದ್ಕೊಂಡಿದ್ದು ಯಾರ ಹತ್ರ?

ಕನ್ನಡದಲ್ಲಿ ‘ಯೋಚಿಸಿದೆ’ ಅನ್ನೋದಕ್ಕಿಂತ ಹೆಚ್ಚಾಗಿ ನಾವು ಬಳಸೋ ಮಾತು ‘ಅಂದ್ಕೊಂಡೆ’. ‘ಇವತ್ತು ಬೇಗ ಮನೆಗೆ ಹೋಗೋಣ ಅಂದ್ಕೊಂಡೆ, ಅಷ್ಟರಲ್ಲಿ ಪ್ರೊಡಕ್ಷನ್ ಇಶ್ಯೂ ಬಂತು.’ ಬಿಡಿಸಿ ನೋಡಿದರೆ ಅದು ಅನ್ನು ಮತ್ತು ಕೊಳ್ಳು. ತಲೆ ಬಾಚಿಕೊಳ್ಳೋದು, ಊಟ ಬಡಿಸಿಕೊಳ್ಳೋದು ಹೇಗೋ ಹಾಗೆ ಅಂದುಕೊಳ್ಳೋದು, ತನಗೆ ತಾನೇ ಹೇಳಿಕೊಳ್ಳೋದು. ಬಾಯಿ ತೆರೆದಿಲ್ಲ, ತುಟಿ ಅಲುಗಿಲ್ಲ, ಆದರೂ ಭಾಷೆಯ ಲೆಕ್ಕದಲ್ಲಿ ನಾವು ಏನನ್ನೋ ‘ಅಂದಿದ್ದೇವೆ’. ಇದರ ಪಕ್ಕದಲ್ಲೇ ಇನ್ನೊಂದು ಪದ ಇದೆ, ‘ಅನ್ನಿಸ್ತು’. ಮಾಡು-ಮಾಡಿಸು, ಓದು-ಓದಿಸು ಇದ್ದ ಹಾಗೆ ಅನ್ನು-ಅನ್ನಿಸು. ‘ನಂಗೆ ಹಾಗನ್ನಿಸ್ತು’ ಅಂದಾಗ ಅಂದವರು ನಾವಲ್ಲ, ಯಾರೋ ಅನ್ನಿಸಿದ್ದಾರೆ. ಯಾರು? ವ್ಯಾಕರಣ ಅದನ್ನ ಹೇಳಲ್ಲ.

ತಲೆಯೊಳಗಿನ ಈ ಮಾತೇ ಯೋಚನೆಯಾ, ಇಲ್ಲಾ ಯೋಚನೆ ಬೇರೆ, ಮಾತು ಬೇರೆಯಾ? ಈ ಜಗಳ ತುಂಬಾ ಹಳೇದು. ಆತ್ಮ ತನ್ನ ಜೊತೆ ತಾನೇ ಸದ್ದಿಲ್ಲದೆ ನಡೆಸುವ ಸಂಭಾಷಣೆಯೇ ಯೋಚನೆ ಅಂತ ಪ್ಲೇಟೋ ಬರೆದ. ನಮ್ಮಲ್ಲಿ, ಸುಮಾರು 5ನೇ ಶತಮಾನದ ವ್ಯಾಕರಣಕಾರ ಭರ್ತೃಹರಿ ‘ವಾಕ್ಯಪದೀಯ’ದಲ್ಲಿ ಮಾತಿಗೆ ಮೂರು ಹಂತ ಹೇಳಿದ. ಹೊರಗೆ ಕೇಳಿಸೋದು ವೈಖರಿ. ‘ಅವರ ಮಾತಿನ ವೈಖರಿ’ ಅಂತೀವಲ್ಲ, ಅದೇ ಪದ. ಅದರ ಹಿಂದೆ ಮಧ್ಯಮಾ, ಅಂದರೆ ಬುದ್ಧಿಯೊಳಗೆ ಒಂದರ ಹಿಂದೆ ಒಂದು ಪದ ಸಾಲಾಗಿ ಬರುವ, ಯಾರಿಗೂ ಕೇಳಿಸದ ಮಾತು. ಅದಕ್ಕೂ ಹಿಂದೆ ಪಶ್ಯಂತಿ, ಇನ್ನೂ ಪದಗಳಾಗಿ ಒಡೆಯದ ಸ್ಥಿತಿ. ಪದದ ಸೋಂಕಿಲ್ಲದ ಅರಿವು ಈ ಲೋಕದಲ್ಲಿ ಇಲ್ಲ ಅನ್ನೋದು ಭರ್ತೃಹರಿಯ ನಿಲುವು.

ವಾದ ಮಾಡೋರು ಎಷ್ಟು ಬೇಕಾದರೂ ಮಾಡಬಹುದು. ನಮ್ಮ ಕೆಲಸದಲ್ಲಾದರೆ, ಬಗ್ ಯಾವ ಮಾಡ್ಯೂಲ್‌ನಿಂದ ಬರ್ತಿದೆ ಗೊತ್ತಾಗದಿದ್ದಾಗ ಒಂದೊಂದನ್ನೇ ಆಫ್ ಮಾಡಿ ನೋಡ್ತೀವಿ. ಮನುಷ್ಯರ ತಲೆಯಲ್ಲಿ ಹಾಗೆ ಮಾಡೋಕೆ ಯಾರೂ ಬಿಡಲ್ಲ. ಆದರೆ ಕಾಯಿಲೆ ಯಾರ ಅನುಮತಿಯನ್ನೂ ಕೇಳಲ್ಲ. ಒಳಮಾತಿನ ಇತಿಹಾಸದ ದೊಡ್ಡ ಪಾಲು ಹೀಗೆ ತಲೆಯೊಳಗೆ ಏನೋ ಒಂದು ಆಫ್ ಆಗಿಹೋದವರ ಕಥೆ.

ಝಾಕ್ ಲೋರ್ದಾ ಅಂಥವರಲ್ಲಿ ಒಬ್ಬ. ದಕ್ಷಿಣ ಫ್ರಾನ್ಸಿನ ಮಾಂಪೆಲಿಯೆಯಲ್ಲಿ ಶರೀರಶಾಸ್ತ್ರದ ಪ್ರೊಫೆಸರ್. 1825ರಲ್ಲಿ ಗಂಟಲು ಬಾತು, ಜ್ವರ ಬಂದು ಮಲಗಿದ್ದ. ಒಂದು ದಿನ ನೋಡಲು ಬಂದವರಿಗೆ ಉತ್ತರ ಕೊಡೋಣ ಅಂತ ಬಾಯಿ ತೆರೆದರೆ ಪದಗಳೇ ಇಲ್ಲ. ನಾಲಿಗೆ ಸರಿಯಾಗಿಯೇ ಆಡುತ್ತಿತ್ತು, ಪದ ಮಾತ್ರ ಬರುತ್ತಿರಲಿಲ್ಲ. ಎದುರಿನವರು ಆಡಿದ್ದೂ ಸರಿಯಾಗಿ ತಲೆಗೆ ಹೋಗಲಿಲ್ಲ. ಪುಸ್ತಕ ತೆರೆದರೆ ಓದೋಕೆ ಬರಲಿಲ್ಲ. ಮಾತನ್ನೇ ನಂಬಿ ಬದುಕಿದ್ದ ಮೇಷ್ಟ್ರಿಗೆ ಇದಕ್ಕಿಂತ ದೊಡ್ಡ ಪೆಟ್ಟು ಯಾವುದಿದೆ? ವಾರಗಟ್ಟಲೆ ಕಳೆದ ಮೇಲೆ ಒಂದು ದಿನ ತನ್ನ ಲೈಬ್ರರಿಯಲ್ಲಿ ನಿಂತಿದ್ದಾಗ ಒಂದು ಪುಸ್ತಕದ ಬೆನ್ನಿನ ಮೇಲಿದ್ದ ಹೆಸರು ಸಟಕ್ಕನೆ ಅಕ್ಷರವಾಗಿ ಕಾಣಿಸಿತು. ಹಿಪೊಕ್ರಟಿಸ್‌ನ ಕೃತಿಗಳು. ಆತ ಖುಷಿಗೆ ಅತ್ತುಬಿಟ್ಟನಂತೆ.

ಲೋರ್ದಾ ಚೇತರಿಸಿಕೊಂಡು, 1843ರಲ್ಲಿ ತನ್ನ ಅನುಭವವನ್ನೇ ಪಾಠವಾಗಿ ಪ್ರಕಟಿಸಿದ. ಅದರಲ್ಲಿ ಆತ ಹೇಳಿದ್ದು ಇಷ್ಟು: ಪದಗಳು ಹೋಗಿದ್ದ ಆ ದಿನಗಳಲ್ಲೂ ಒಬ್ಬನೇ ಇದ್ದಾಗ ನಾನು ಎಂದಿನಂತೆ ಯೋಚಿಸುತ್ತಿದ್ದೆ, ಓದಿದ ವಿಷಯಗಳನ್ನ ತಿರುವಿ ಹಾಕುತ್ತಿದ್ದೆ. ಚರ್ಚಿನಲ್ಲಿ ದಿನಾ ಹೇಳುವ, ತಂದೆ ಮಗ ಪವಿತ್ರಾತ್ಮರನ್ನು ಕೊಂಡಾಡುವ ಸ್ತುತಿಯನ್ನ ಮನಸ್ಸಿಗೆ ತಂದುಕೊಂಡರೆ ಅದರ ಅರ್ಥವೆಲ್ಲ ಹೊಳೆಯುತ್ತಿತ್ತು, ಅದರ ಒಂದೇ ಒಂದು ಪದವೂ ನೆನಪಿಗೆ ಬರುತ್ತಿರಲಿಲ್ಲ. ಅಂದರೆ ಭರ್ತೃಹರಿಗೆ ನೇರ ಉಲ್ಟಾ.

ಪ್ಯಾರಿಸ್ಸಿನ ಹೆಸರಾಂತ ವೈದ್ಯ ಅರ್ಮಾನ್ ಟ್ರೂಸೋ ಇದನ್ನ ನಂಬಲಿಲ್ಲ. ಇಂಥ ಕಾಯಿಲೆಗೆ ‘ಅಫೇಸಿಯಾ’ ಅಂತ 1864ರಲ್ಲಿ ಹೆಸರಿಟ್ಟವನು ಇವನೇ. ಲೋರ್ದಾ ತನ್ನ ಬುದ್ಧಿಗೆ ಪೆಟ್ಟೇ ಬಿದ್ದಿರಲಿಲ್ಲ ಅಂತ ತನಗೆ ತಾನೇ ಸುಳ್ಳು ಹೇಳಿಕೊಳ್ತಿದ್ದಾನೆ, ಮೊದಲೆಲ್ಲ ಬಾಯಲ್ಲೇ ಪಾಠ ಹೇಳುತ್ತಿದ್ದವನು ಆಮೇಲೆ ಬರೆದುಕೊಂಡದ್ದನ್ನ ಓದುತ್ತಿದ್ದ ಅನ್ನೋದು ಟ್ರೂಸೋನ ಆಕ್ಷೇಪ. ಟ್ರೂಸೋ ಅನುಮಾನ ಸುಮ್ಮನೆ ತಳ್ಳಿಹಾಕೋ ಅಂಥದ್ದಲ್ಲ. ಕ್ರ್ಯಾಶ್ ಆದ ಸರ್ವರ್ ಮತ್ತೆ ಎದ್ದ ಮೇಲೆ ‘ಕ್ರ್ಯಾಶ್ ಆಗಿದ್ದಾಗಲೂ ನಾನು ಚೆನ್ನಾಗೇ ಓಡ್ತಿದ್ದೆ’ ಅಂತ ತಾನೇ ಲಾಗ್ ಬರೆದರೆ ನಾವು ನಂಬ್ತೀವಾ? ಲೋರ್ದಾ ಸಾಕ್ಷಿ ಹೇಳಿದ್ದು ಪದಗಳು ವಾಪಸ್ ಬಂದ ಮೇಲೆ, ಆ ಪದಗಳಲ್ಲೇ.

ಸಾಕ್ಷಿಯನ್ನ ಹೊರಗಿನಿಂದ ಹುಡುಕಬೇಕಿತ್ತು. ಅದು ಸಿಕ್ಕಿದ್ದು ಪ್ಯಾರಿಸ್ ಪಕ್ಕದ ಬಿಸೆತ್ರ್ ಆಸ್ಪತ್ರೆಯಲ್ಲಿ. ಅಲ್ಲಿ 21 ವರ್ಷದಿಂದ ಒಬ್ಬ ರೋಗಿ ಇದ್ದ. ಏನೇ ಕೇಳಿ, ‘ತಾನ್, ತಾನ್’ ಅನ್ನೋದೊಂದೇ ಉತ್ತರ. ಆಸ್ಪತ್ರೆಯಲ್ಲಿ ಎಲ್ಲರೂ ಅವನನ್ನ ತಾನ್ ಅಂತಲೇ ಕರೆಯುತ್ತಿದ್ದರು. ಒಂದು ಕಾಲದಲ್ಲಿ ಚಪ್ಪಲಿ ಹೊಲಿಯೋರು ಬಳಸುವ ಮರದ ಅಚ್ಚು ಮಾಡುತ್ತಿದ್ದವನು. ಚಿಕ್ಕಂದಿನಿಂದ ಮೂರ್ಛೆರೋಗ, 30 ದಾಟುವ ಹೊತ್ತಿಗೆ ಮಾತು ಹೋಯಿತು, ಆಮೇಲೆ ಬಲಗೈ, ಬಲಗಾಲು. ಕೊನೆಯ ಏಳು ವರ್ಷ ಹಾಸಿಗೆಯಲ್ಲೇ. 1861ರ ಏಪ್ರಿಲ್ 11ರಂದು ಕಾಲು ಕೊಳೆತು ಅವನನ್ನ ಶಸ್ತ್ರವೈದ್ಯ ಪಾಲ್ ಬ್ರೋಕಾನ ವಾರ್ಡಿಗೆ ತಂದರು. 17ಕ್ಕೆ ಸತ್ತ. 18ಕ್ಕೆ ಬ್ರೋಕಾ ಅವನ ಮಿದುಳನ್ನ ಪ್ಯಾರಿಸ್ಸಿನ ಮಾನವಶಾಸ್ತ್ರ ಸಂಘದ ಮುಂದಿಟ್ಟು, ಎಡಭಾಗದ ಮುಂದಿನ ಒಂದು ಜಾಗ ಹಾಳಾಗಿರೋದನ್ನ ತೋರಿಸಿದ. ಆ ಜಾಗಕ್ಕೆ ಇವತ್ತು ಬ್ರೋಕಾ ಪ್ರದೇಶ ಅಂತ ಹೆಸರು. ಇಷ್ಟು ಎಲ್ಲ ಪಠ್ಯಪುಸ್ತಕದಲ್ಲೂ ಇರುತ್ತೆ.

ನನ್ನನ್ನ ಹಿಡಿದು ನಿಲ್ಲಿಸೋದು ನಡುವಿನ ಆರು ದಿನ. ಬ್ರೋಕಾ ಆ ರೋಗಿಯನ್ನ ಕೇಳಿದ, ಬಿಸೆತ್ರ್‌ಗೆ ಬಂದು ಎಷ್ಟು ವರ್ಷ ಆಯ್ತು? ಆತ ತನ್ನ ಎಡಗೈಯನ್ನ ನಾಲ್ಕು ಸಲ ಅಗಲಿಸಿ ತೋರಿಸಿ, ಆಮೇಲೆ ಒಂದು ಬೆರಳು ಎತ್ತಿದ. 21. ಸರಿ ಉತ್ತರ. ಬ್ರೋಕಾ ಮಾರನೇ ದಿನ ಅದೇ ಪ್ರಶ್ನೆ ಕೇಳಿದ, ಅದೇ ಉತ್ತರ ಬಂತು. ಮತ್ತೆ ಕೇಳಿದಾಗ ಆ ಮನುಷ್ಯನಿಗೆ ಇವರು ನನ್ನನ್ನ ಪರೀಕ್ಷೆ ಮಾಡ್ತಿದ್ದಾರೆ ಅಂತ ಗೊತ್ತಾಗಿ ಸಿಟ್ಟು ನೆತ್ತಿಗೇರಿತು. ‘ತಾನ್’ ಬಿಟ್ಟರೆ ಅವನಿಗೆ ಉಳಿದಿದ್ದ ಇನ್ನೊಂದೇ ಮಾತು ದೇವರ ಹೆಸರೆತ್ತಿ ಹಾಕುವ ಒಂದು ಬೈಗುಳ. ಅದು ಸಿಟ್ಟು ಬಂದಾಗ ಮಾತ್ರ ತಾನಾಗಿ ಹೊರಗೆ ಬರುತ್ತಿತ್ತು. ಅವತ್ತು ಬ್ರೋಕಾಗೆ ಅದು ಸಿಕ್ಕಿತು. 21 ವರ್ಷ ಒಂದೇ ಉಚ್ಚಾರದಲ್ಲಿ ಬದುಕಿದ್ದವನು ವರ್ಷಗಳ ಲೆಕ್ಕ ಇಟ್ಟಿದ್ದ, ಕೇಳೋರ ಉದ್ದೇಶವನ್ನೂ ಅಳೆದಿದ್ದ. ಅವನ ಪೂರ್ತಿ ಹೆಸರು ಲೂಯಿ ವಿಕ್ಟರ್ ಲೆಬೋರ್ನ್. ಅದು ಎಲ್ಲರಿಗೂ ತಿಳಿದದ್ದು 2013ರಲ್ಲಿ, ಪೋಲೆಂಡಿನ ಒಬ್ಬ ಇತಿಹಾಸಕಾರ ಹಳೆಯ ದಾಖಲೆ ಕೆದಕಿದ ಮೇಲೆ. ಮಿದುಳು ಪ್ರಖ್ಯಾತವಾಗಿ 152 ವರ್ಷ ಆದ ಮೇಲೆ ಮನುಷ್ಯನ ಹೆಸರು ಸಿಕ್ಕಿತು.

ಇದನ್ನ ಓದುವಾಗ ನಮ್ಮೂರಿನ ದೊಡ್ಡತಾತ ನೆನಪಾದರು. ನಮ್ಮ ತಾತನ ಅಣ್ಣ. ಲಕ್ವ ಹೊಡೆದು ಬಲಗಡೆ ಪೂರ್ತಿ ಹೋಗಿತ್ತು. ಮಾತಲ್ಲಿ ‘ಹಂಗೇಯ’ ಅನ್ನೋದೊಂದು ಉಳಿದಿತ್ತು. ನೀರು ಬೇಕಾದರೂ ಹಂಗೇಯ, ಬೇಡವಾದರೂ ಹಂಗೇಯ. ಹಜಾರದಲ್ಲಿ ಅವರ ಹಾಸಿಗೆ ಪಕ್ಕದಲ್ಲೇ ಕೂತು ಮನೆಯವರು ಜಮೀನು ಪಾಲು ಮಾಡೋ ಮಾತಾಡ್ತಿದ್ದರು, ಅವರಿಗೇನು ತಿಳೀತದೆ ಅನ್ನೋ ಧೈರ್ಯ. ನಾವು ಹುಡುಗರು ಜಗಲಿ ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು ಆಡುಹುಲಿ ಆಡ್ತಿದ್ದೆವು. ಅವರನ್ನ ಗೋಡೆಗೆ ಒರಗಿಸಿ ಕೂರಿಸಿದರೆ ಎಡಗೈಯಲ್ಲಿ ಕಲ್ಲು ತಳ್ಳಿ ನಮ್ಮ ಹುಲಿಗಳನ್ನ ಕಟ್ಟಿಹಾಕ್ತಿದ್ದರು. ಒಂದು ಸಲಾನೂ ಅವರನ್ನ ಸೋಲಿಸೋಕೆ ನನ್ನ ಕೈಲಾಗಲಿಲ್ಲ. ಪಾಲಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡ ದಿನ ಅವರು ಹಂಗೇಯ ಹಂಗೇಯ ಅಂತ ಕೂಗಿದ್ದು ಬೀದಿಗೆಲ್ಲ ಕೇಳಿಸಿತ್ತು. ಒಪ್ಪಿಗೆ ಇದೆ ಅಂತ ಎಲ್ಲರೂ ಅಂದುಕೊಂಡರು.

ಮಾತೇ ಯೋಚನೆ ಅನ್ನೋ ಸಿದ್ಧಾಂತ ಪುಸ್ತಕದಲ್ಲೇ ಇದ್ದರೆ ಯಾರಿಗೂ ತೊಂದರೆ ಇಲ್ಲ. ಅದು ಹಜಾರಕ್ಕೆ ಬಂದಾಗ ಯಾರದೋ ಜಮೀನು ಹೋಗುತ್ತೆ.

20ನೇ ಶತಮಾನದಲ್ಲಿ ಆ ಸಿದ್ಧಾಂತಕ್ಕೆ ಹೊಸ ಜೋರು ಬಂತು. 1913ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ವಾಟ್ಸನ್, ಮನಸ್ಸು ಗಿನಸ್ಸು ಎಲ್ಲ ಬಿಡಿ, ಕಣ್ಣಿಗೆ ಕಾಣುವ ವರ್ತನೆ ಒಂದೇ ವಿಜ್ಞಾನ ಅಂತ ಸಾರಿದ. ಹಾಗಾದರೆ ಯೋಚನೆ? ಅದೂ ವರ್ತನೆಯೇ, ಗಂಟಲಿನ ಸ್ನಾಯುಗಳ ಅಭ್ಯಾಸ ಅಷ್ಟೇ ಅಂದ. ಮಗು ಮೊದಲು ಜೋರಾಗಿ ಮಾತಾಡಿಕೊಳ್ಳುತ್ತೆ, ದೊಡ್ಡವರು ಗದರುತ್ತಾರೆ, ಪಿಸುಮಾತಾಗುತ್ತೆ, ಆಮೇಲೆ ತುಟಿಯೊಳಗೆ ಅಡಗುತ್ತೆ. ಅದಕ್ಕೆ ಯೋಚನೆ ಅಂತ ಹೆಸರು. ಕೇಳೋಕೆ ತಮಾಷೆ, ಆದರೆ ಪೂರ್ತಿ ಗಾಳಿಮಾತಲ್ಲ. 1930ರ ಆಸುಪಾಸಿನಲ್ಲಿ ಷಿಕಾಗೋದ ಎಡ್ಮಂಡ್ ಜೇಕಬ್ಸನ್ ನಾಲಿಗೆ, ತುಟಿಗೆ ವಿದ್ಯುತ್ ತಂತಿ ಜೋಡಿಸಿ, ಸುಮ್ಮನೆ ಮನಸ್ಸಲ್ಲೇ ಎಣಿಸಿ ಅಂದಾಗಲೂ ಅಲ್ಲಿ ಸಣ್ಣ ಮಿಡಿತ ಇರೋದನ್ನ ಅಳೆದ. ಆಮೇಲೆ ಲೂಯಿ ಮ್ಯಾಕ್ಸ್ ಅನ್ನೋ ಸಂಶೋಧಕ ಕಿವುಡರ ಮೇಲೆ ಇದನ್ನೇ ಮಾಡಿದ. ಸಂಜ್ಞೆಯಲ್ಲಿ ಮಾತಾಡುವ ಅವರು ಲೆಕ್ಕ ಬಿಡಿಸುವಾಗ ಮಿಡಿದದ್ದು ಕೈಯ ಸ್ನಾಯು. ಇದು ನನಗೆ ತುಂಬಾ ಇಷ್ಟವಾದ ಪ್ರಯೋಗ. ಒಳಮಾತು ಅನ್ನೋದು ಗಂಟಲಿನ ಸ್ವತ್ತಲ್ಲ, ನಾವು ಯಾವುದರಲ್ಲಿ ಮಾತಾಡ್ತೀವೋ ಅದರದ್ದು.

ಹಾಗಾದರೆ ಎಲ್ಲ ಸ್ನಾಯುಗಳನ್ನೂ ಒಟ್ಟಿಗೇ ಆಫ್ ಮಾಡಿದರೆ? 1947ರಲ್ಲಿ ಅಮೆರಿಕದ ಯೂಟಾದ ನಾಲ್ವರು ಸಂಶೋಧಕರು ಒಂದು ವರದಿ ಪ್ರಕಟಿಸಿದರು. ದಕ್ಷಿಣ ಅಮೆರಿಕದ ಬುಡಕಟ್ಟಿನವರು ಬಾಣಕ್ಕೆ ಹಚ್ಚುವ ಕ್ಯುರಾರೆ ವಿಷದಿಂದ ತೆಗೆದ ಔಷಧ ಆಗ ಆಪರೇಷನ್ ಥಿಯೇಟರಿಗೆ ಬಂದಿತ್ತು. ಅದು ಸ್ನಾಯುಗಳನ್ನ ಮಾತ್ರ ಕಟ್ಟಿಹಾಕುತ್ತಾ, ಪ್ರಜ್ಞೆಯನ್ನೂ ತಪ್ಪಿಸುತ್ತಾ ಅನ್ನೋದು ಪ್ರಶ್ನೆ. ಗೊತ್ತಾಗಲೇಬೇಕಿತ್ತು, ಯಾಕಂದರೆ ಪ್ರಜ್ಞೆ ಇದ್ದು ಅಲುಗಾಡೋಕಾಗದ ರೋಗಿಗೆ ಕತ್ತಿ ಹಾಕಿದರೆ ಆತ ಕಿರುಚೋಕೂ ಆಗಲ್ಲ. ತಂಡದಲ್ಲಿದ್ದ ಸ್ಕಾಟ್ ಸ್ಮಿತ್ ಅನ್ನೋ ಅರಿವಳಿಕೆ ವೈದ್ಯ ತನಗೇ ಚುಚ್ಚಿಸಿಕೊಂಡ. ಉಸಿರಾಟದ ಸ್ನಾಯು ನಿಲ್ಲಿಸೋಕೆ ಬೇಕಾದ ಪ್ರಮಾಣದ ಎರಡೂವರೆ ಪಟ್ಟು. ಕೃತಕ ಉಸಿರು ಕೊಡುತ್ತಾ ಪಕ್ಕದಲ್ಲಿದ್ದವರು ಪ್ರಶ್ನೆ ಕೇಳುತ್ತಾ ಹೋದರು. ಮಾತು ನಿಂತ ಮೇಲೆ ಹುಬ್ಬು ಅಲುಗಿಸಿ ಉತ್ತರ ಕೊಟ್ಟ, ಆಮೇಲೆ ಅದೂ ನಿಂತಿತು. ಔಷಧದ ಅಮಲು ಇಳಿದ ಮೇಲೆ ಸ್ಮಿತ್ ಆ ಹೊತ್ತಲ್ಲಿ ತನ್ನ ಸುತ್ತ ನಡೆದದ್ದನ್ನ ಒಂದೊಂದಾಗಿ ಹೇಳಿದ. ಪ್ರಜ್ಞೆ, ನೆನಪು, ಯೋಚನೆ ಎಲ್ಲ ಇದ್ದ ಹಾಗೇ ಇದ್ದವು. ಸಂಶೋಧಕರು ಹುಡುಕಿದ್ದು ಅರಿವಳಿಕೆಯ ಉತ್ತರ, ಜೊತೆಗೆ ವಾಟ್ಸನ್‌ನ ಗಂಟಲೂ ಬಿದ್ದುಹೋಯಿತು. ಅಷ್ಟು ಹೊತ್ತಿಗೆ ವಾಟ್ಸನ್ ವಿಶ್ವವಿದ್ಯಾಲಯ ಬಿಟ್ಟು ಎಷ್ಟೋ ವರ್ಷವಾಗಿತ್ತು. ಅವನು ದುಡಿದು ಹೆಸರು ಮಾಡಿದ್ದು ಜಾಹೀರಾತು ಕಂಪನಿಯಲ್ಲಿ. ಬೇರೆಯವರ ತಲೆಯಲ್ಲಿ ಮಾತು ಓಡಿಸುವ ಕೆಲಸ.

ಇದಕ್ಕಿಂತ ಒಳ್ಳೆಯ ಉತ್ತರ ಅಷ್ಟರಲ್ಲಾಗಲೇ ಮಾಸ್ಕೋದಲ್ಲಿ ಅಚ್ಚಾಗಿತ್ತು, ಮತ್ತು ಬೀರುವಿನೊಳಗೆ ಬೀಗ ಹಾಕಿಸಿಕೊಂಡಿತ್ತು. ಲೆವ್ ವೈಗಾಟ್‌ಸ್ಕಿ 1896ರಲ್ಲಿ ಹುಟ್ಟಿದವನು. ಓದಿದ್ದು ಕಾನೂನು, ಹುಚ್ಚು ನಾಟಕ ಸಾಹಿತ್ಯದ್ದು, ಬಂದು ಸೇರಿದ್ದು ಮಕ್ಕಳ ಮನಶ್ಶಾಸ್ತ್ರಕ್ಕೆ. ಕ್ಷಯರೋಗದಿಂದ 1934ರ ಜೂನ್‌ನಲ್ಲಿ ಸತ್ತಾಗ 37 ವರ್ಷ. ‘ಯೋಚನೆ ಮತ್ತು ಮಾತು’ ಅನ್ನೋ ಪುಸ್ತಕ ಆತ ಸತ್ತ ಮೇಲೆ ಅದೇ ವರ್ಷ ಬಂತು. 1936ರಲ್ಲಿ ಸೋವಿಯತ್ ಸರ್ಕಾರ ಮಕ್ಕಳ ಅಧ್ಯಯನದ ಆ ಇಡೀ ಶಾಖೆಯನ್ನೇ ಖಂಡಿಸಿದ ಮೇಲೆ ಪುಸ್ತಕ ಕಣ್ಮರೆಯಾಯಿತು. ಮತ್ತೆ ಅಚ್ಚಾಗಿದ್ದು 1956ರಲ್ಲಿ, ಇಂಗ್ಲಿಷಿಗೆ ಬಂದದ್ದು 1962ರಲ್ಲಿ.

ಆಟ ಆಡುವ ಪುಟ್ಟ ಮಕ್ಕಳು ಯಾರಿಗೂ ಅಲ್ಲದ ಹಾಗೆ ಗಟ್ಟಿಯಾಗಿ ಮಾತಾಡಿಕೊಳ್ಳೋದನ್ನ ನೀವು ನೋಡಿರ್ತೀರಿ. ಸ್ವಿಟ್ಜರ್ಲೆಂಡಿನ ಪಿಯಾಜೆ 1923ರ ಪುಸ್ತಕದಲ್ಲಿ ಅದಕ್ಕೆ ಸ್ವಕೇಂದ್ರಿತ ಮಾತು ಅಂತ ಹೆಸರಿಟ್ಟಿದ್ದ. ಅದು ಮಗುವಿನ ಅಪಕ್ವತೆಯ ಗುರುತು, ಶಾಲೆಗೆ ಹೋಗುವ ವಯಸ್ಸಿಗೆ ಉದುರಿಹೋಗುತ್ತೆ ಅಂದಿದ್ದ. ವೈಗಾಟ್‌ಸ್ಕಿ ಕೇಳಿದ, ಉದುರಿಹೋಗುತ್ತಾ, ಇಲ್ಲಾ ಒಳಗೆ ಹೋಗುತ್ತಾ? ಮಕ್ಕಳಿಗೆ ಚಿತ್ರ ಬರೆಯೋಕೆ ಹೇಳಿ ಬೇಕಂತಲೇ ಪೆನ್ಸಿಲೋ ಕಾಗದವೋ ಇಲ್ಲದ ಹಾಗೆ ಮಾಡಿದರು. ತೊಡಕು ಬಂದ ಕೂಡಲೇ ಆ ಸ್ವಗತ ಹೆಚ್ಚುಕಮ್ಮಿ ಎರಡರಷ್ಟಾಯಿತು. ಅಂದರೆ ಅದು ಸುಮ್ಮನೆ ಗುನುಗಾಟ ಅಲ್ಲ, ಮಗು ಆ ಮಾತನ್ನ ಹಿಡಿದುಕೊಂಡೇ ತೊಡಕು ದಾಟುತ್ತಿದೆ. ಐದೂವರೆ ವರ್ಷದ ಒಂದು ಮಗು ಟ್ರಾಮ್ ಚಿತ್ರ ಬರೆಯುವಾಗ ಪೆನ್ಸಿಲ್ ಮುರಿಯಿತು. ಮಗು ‘ಮುರೀತು’ ಅಂತ ಅಂದುಕೊಂಡು, ಪೆನ್ಸಿಲ್ ಪಕ್ಕಕ್ಕಿಟ್ಟು, ಬಣ್ಣ ತಗೊಂಡು ಅಪಘಾತದಲ್ಲಿ ಮುರಿದುಹೋದ ಟ್ರಾಮ್ ಬರೆಯಿತು. ಒಂದು ಪದ ಪ್ಲಾನನ್ನೇ ಬದಲಾಯಿಸಿತು.

ಇನ್ನೊಂದು ಪ್ರಯೋಗದಲ್ಲಿ ಮಗುವನ್ನ ಕಿವುಡ ಮಕ್ಕಳ ನಡುವೆ, ಅಥವಾ ಬೇರೆ ಭಾಷೆಯ ಮಕ್ಕಳ ನಡುವೆ ಕೂರಿಸಿದರು. ಸ್ವಗತ ದಿಢೀರನೆ ಕುಸಿಯಿತು. ತನಗೇ ಹೇಳಿಕೊಳ್ಳೋ ಮಾತಿಗೆ ಬೇರೆಯವರು ಕೇಳಿಸಿಕೊಂಡರೆಷ್ಟು ಬಿಟ್ಟರೆಷ್ಟು? ಆದರೂ ಕುಸಿಯಿತು, ಯಾಕಂದರೆ ಅದರ ಹುಟ್ಟು ಇನ್ನೊಬ್ಬರ ಜೊತೆಗಿನ ಮಾತಲ್ಲಿ. ಮೊದಲು ಅಮ್ಮ ‘ಹುಷಾರು, ಬಿಸಿ’ ಅನ್ನುತ್ತಾಳೆ. ಆಮೇಲೆ ಮಗು ಪಾತ್ರೆ ಹತ್ತಿರ ಹೋಗಿ ತಾನೇ ‘ಬಿಸಿ ಬಿಸಿ’ ಅಂತ ಗಟ್ಟಿಯಾಗಿ ಹೇಳಿಕೊಳ್ಳುತ್ತೆ. ಕೊನೆಗೆ ಸದ್ದಿಲ್ಲ. ಒಳಗೆ ಹೋಗುವಾಗ ಮಾತು ಸುಮ್ಮನೆ ವಾಲ್ಯೂಮ್ ಕಳೆದುಕೊಳ್ಳಲ್ಲ, ಆಕಾರವನ್ನೇ ಬದಲಿಸುತ್ತೆ. ವಾಟ್ಸನ್‌ಗೂ ವೈಗಾಟ್‌ಸ್ಕಿಗೂ ಇರೋ ವ್ಯತ್ಯಾಸ ಇದೇ. ಟ್ರಾಮಿಗೆ ಕಾಯುತ್ತಾ ನಿಂತವರು ಪೂರ್ತಿ ವಾಕ್ಯ ಆಡೋದಿಲ್ಲ ಅನ್ನೋದು ಆತನ ಉದಾಹರಣೆ. ನಮ್ಮ ಮೆಜೆಸ್ಟಿಕ್ಕಿನಲ್ಲೂ ಅಷ್ಟೇ, ‘ಬಂತು’ ಅಂದರೆ ಸಾಕು. ಯಾವ ಬಸ್ಸು, ಎಲ್ಲಿಗೆ, ಯಾರಿಗೆ, ಎಲ್ಲ ಇಬ್ಬರಿಗೂ ಗೊತ್ತು. ತನ್ನ ಜೊತೆ ತಾನೇ ಮಾತಾಡುವಾಗ ಗೊತ್ತಿರದ್ದು ಏನಿದೆ? ಹಾಗಾಗಿ ಕರ್ತೃ ಬಿದ್ದುಹೋಗುತ್ತೆ, ವಿವರ ಬಿದ್ದುಹೋಗುತ್ತೆ, ಒಂದು ಪದಕ್ಕೆ ಇಡೀ ಪ್ಯಾರಾದ ಭಾರ ಬರುತ್ತೆ. ಮಿನಿಫೈ ಮಾಡಿದ ಜಾವಾಸ್ಕ್ರಿಪ್ಟ್ ಇದ್ದ ಹಾಗೆ. ಓಡುತ್ತೆ, ಆದರೆ ಬೇರೆಯವರಿಗೆ ಓದೋಕಾಗಲ್ಲ.

ಸರಿ, ತುಟಿ ಅಲುಗದೆ ದನಿ ಕೇಳಿಸೋದು ಹೇಗೆ? ಸುಳಿವು ಸಿಕ್ಕಿದ್ದು ಮಾತಿಗೆ ಸಂಬಂಧವೇ ಇಲ್ಲದ ಕಡೆ. 1950ರಲ್ಲಿ ಅಮೆರಿಕದ ರೋಜರ್ ಸ್ಪೆರಿ, ಕಣ್ಣನ್ನ ತಲೆಕೆಳಗು ಮಾಡಿದ ಮೀನು ಸುಮ್ಮನೆ ಸುತ್ತು ಹೊಡೆಯೋದು ಯಾಕೆ ಅಂತ ವಿವರಿಸುತ್ತಿದ್ದ. ಅದೇ ವರ್ಷ ಜರ್ಮನಿಯ ಫಾನ್ ಹೋಲ್ಸ್ಟ್ ಮತ್ತು ಮಿಟ್ಟೆಲ್‌ಸ್ಟೆಟ್ ನೊಣದ ತಲೆ ತಿರುಗಿಸಿ ಅಂಟಿಸಿ ಅದೇ ತೀರ್ಮಾನಕ್ಕೆ ಬಂದಿದ್ದರು. ಮಿದುಳು ಸ್ನಾಯುಗಳಿಗೆ ಆಜ್ಞೆ ಕಳಿಸುವಾಗಲೆಲ್ಲ ಅದರ ಒಂದು ನಕಲನ್ನ ಇಂದ್ರಿಯಗಳ ಕಡೆಗೂ ಕಳಿಸುತ್ತೆ. ಈಮೇಲ್ ಭಾಷೆಯಲ್ಲಿ, ಸ್ನಾಯುವಿಗೆ ‘ಟು’, ಕಣ್ಣು ಕಿವಿಯ ವಿಭಾಗಕ್ಕೆ ‘ಸಿಸಿ’. ಈಗ ಬರೋ ಅಲುಗಾಟ, ಈಗ ಬರೋ ಸದ್ದು ನಮ್ಮದೇ, ಗಾಬರಿ ಬೇಡ ಅಂತ. ನಮಗೆ ನಾವೇ ಕಚಗುಳಿ ಇಟ್ಟರೆ ನಗು ಬರದಿರೋದು ಇದರಿಂದಲೇ. ಒಳಮಾತಿನಲ್ಲಿ ‘ಟು’ ಖಾಲಿ ಬಿಟ್ಟು ‘ಸಿಸಿ’ ಮಾತ್ರ ಹೋಗುತ್ತೆ ಅನ್ನೋದು ಈಗ ಹೆಚ್ಚು ಬೆಂಬಲ ಇರೋ ವಿವರಣೆ. ಬಾಯಿಗೆ ಹೋಗಬೇಕಿದ್ದ ಆಜ್ಞೆ ತಡೆದು ನಿಲ್ಲುತ್ತೆ, ಸದ್ದು ಹೀಗಿರುತ್ತೆ ಅನ್ನೋ ಮುನ್ಸೂಚನೆ ಮಾತ್ರ ಕಿವಿಯ ವಿಭಾಗ ಮುಟ್ಟುತ್ತೆ. ನಮಗೆ ಕೇಳಿಸೋ ದನಿ ಆ ಮುನ್ಸೂಚನೆಯೇ. 2017ರಲ್ಲಿ ಆಸ್ಟ್ರೇಲಿಯಾದ ತಂಡವೊಂದು ಇದನ್ನ ಪರೀಕ್ಷಿಸಿತು. ಒಂದು ಅಕ್ಷರವನ್ನ ಮನಸ್ಸಲ್ಲೇ ಅನ್ನುವ ಅದೇ ಕ್ಷಣಕ್ಕೆ ಹೆಡ್‌ಫೋನಿನಲ್ಲಿ ಅದೇ ಅಕ್ಷರ ಕೇಳಿಸಿದರೆ ಮಿದುಳಿನ ಪ್ರತಿಕ್ರಿಯೆ ಕಮ್ಮಿಯಾಗುತ್ತೆ, ಬೇರೆ ಅಕ್ಷರ ಕೇಳಿಸಿದರೆ ಆಗಲ್ಲ. ಒಳಗೆ ಅಂದದ್ದನ್ನ ಕಿವಿಯ ವಿಭಾಗ ಆಗಲೇ ಲೆಕ್ಕಕ್ಕೆ ತಗೊಂಡಿತ್ತು.

ಈ ‘ಸಿಸಿ’ ತಲುಪದೇ ಹೋದರೆ? ಬ್ರಿಟನ್ನಿನ ಕ್ರಿಸ್ ಫ್ರಿತ್ 1992ರಲ್ಲಿ ಒಂದು ಪುಸ್ತಕ ಬರೆದು, ಸ್ಕಿಜೋಫ್ರೇನಿಯಾ ಇರುವವರಿಗೆ ಕೇಳಿಸೋ ದನಿಗಳನ್ನ ಈ ದಾರಿಯಿಂದ ವಿವರಿಸಿದ. ಮಾತು ತನ್ನದೇ, ಆದರೆ ತನ್ನದು ಅನ್ನೋ ಚೀಟಿ ಹರಿದಿದೆ. 1949ರಷ್ಟು ಹಿಂದೆಯೇ ಲೂಯಿ ಗೌಲ್ಡ್ ಅನ್ನೋ ವೈದ್ಯ ಅಂಥ ಒಬ್ಬ ರೋಗಿಯ ಗಂಟಲಿನ ಅತಿ ಸಣ್ಣ ಪಿಸುದನಿಯನ್ನ ಯಂತ್ರದಲ್ಲಿ ದೊಡ್ಡದು ಮಾಡಿ ಕೇಳಿದ್ದ. ‘ಅವರು ಹೀಗಂತಿದ್ದಾರೆ’ ಅಂತ ರೋಗಿ ವರದಿ ಮಾಡಿದ್ದೂ ಆ ಪಿಸುಮಾತೂ ಹೊಂದುತ್ತಿದ್ದವು. 1993ರಲ್ಲಿ ಲಂಡನ್ನಿನ ತಂಡವೊಂದು ದನಿ ಕೇಳಿಸುತ್ತಿರುವಾಗಲೇ ಮಿದುಳಿನ ಸ್ಕ್ಯಾನ್ ಮಾಡಿದಾಗ ರಕ್ತದ ಹರಿವು ಹೆಚ್ಚಿದ್ದ ಮುಖ್ಯ ಜಾಗ ಬ್ರೋಕಾ ಪ್ರದೇಶ. ಮಾತು ಹುಟ್ಟಿಸುವ ಜಾಗ, ಲೆಬೋರ್ನ್ ಕಳೆದುಕೊಂಡಿದ್ದ ಜಾಗ. ಈ ವಿವರಣೆ ಎಲ್ಲವನ್ನೂ ಮುಗಿಸಲ್ಲ. ಬೈಯೋ ದನಿ ಯಾಕೆ, ಹೆಂಗಸಿನ ದನಿ ಯಾಕೆ, ಸತ್ತ ಚಿಕ್ಕಪ್ಪನ ದನಿ ಯಾಕೆ ಅನ್ನೋದು ಇದರಲ್ಲಿ ಬರಲ್ಲ. ಆದರೂ ಊರಲ್ಲಿ ‘ಗಾಳಿ ಸೋಕಿದೆ’ ಅಂತ ಬೇವಿನ ಸೊಪ್ಪಲ್ಲಿ ಹೊಡೆಸಿಕೊಂಡವರನ್ನ ನೋಡಿ ಬೆಳೆದವನಿಗೆ ಇದು ದೊಡ್ಡ ವಿವರಣೆ. ಕನ್ನಡದ ಆ ‘ಕೊಳ್ಳು’ ಮಾಡೋ ಕೆಲಸವನ್ನ ಮಿದುಳಲ್ಲಿ ಈ ನಕಲು ಪ್ರತಿ ಮಾಡ್ತಿದೆ. ಅದು ಕಳಚಿದಾಗ ಅಂದ್ಕೊಂಡಿದ್ದು ಅನ್ನಿಸಿದ್ದಾಗುತ್ತೆ, ಅನ್ನಿಸಿದ್ದು ಯಾರೋ ಅಂದಿದ್ದಾಗುತ್ತೆ.

ಲೋರ್ದಾಗೂ ಕೊನೆಗೆ ನ್ಯಾಯ ಸಿಕ್ಕಿತು ಅನ್ನಬೇಕು. 2005ರಲ್ಲಿ ಇಂಗ್ಲೆಂಡಿನ ರೋಸ್ಮರಿ ವಾರ್ಲಿ ತಂಡ, ಲಕ್ವದಂಥ ಪೆಟ್ಟಿನಿಂದ ಭಾಷೆ ತೀವ್ರವಾಗಿ ಕೆಟ್ಟಿದ್ದ ಮೂವರನ್ನ ಪರೀಕ್ಷಿಸಿತು. ಒಂದು ವಾಕ್ಯದಲ್ಲಿ ಯಾರು ಯಾರನ್ನ ಹೊಡೆದರು ಅನ್ನೋದು ಅವರಿಗೆ ತಿಳಿಯುತ್ತಿರಲಿಲ್ಲ. ಅಂಕಿಯಲ್ಲಿ ಕಳೆಯುವ ಲೆಕ್ಕ ಬರೆದು, ಹಿಂದುಮುಂದು ಮಾಡಿ ಕೊಟ್ಟರೆ ಮಾತ್ರ ಎರಡನ್ನೂ ಬಿಡಿಸುತ್ತಿದ್ದರು, ಆವರಣ ಚಿಹ್ನೆಯಿದ್ದ ಲೆಕ್ಕವನ್ನೂ. ನಮ್ಮ ದೊಡ್ಡತಾತನ ಆಡುಹುಲಿಗೆ ಯಾರೂ ಪೇಪರ್ ಬರೆಯಲಿಲ್ಲ ಅಷ್ಟೇ. ಆರೋಗ್ಯವಂತರ ತಲೆಯಲ್ಲೂ ಮಾತು ಎಡೆಬಿಡದೆ ಓಡ್ತಿರಲ್ಲ. ಅಮೆರಿಕದ ರಸೆಲ್ ಹರ್ಲ್‌ಬರ್ಟ್, ಮೊದಲು ಎಂಜಿನಿಯರ್ ಆಗಿದ್ದು ಆಮೇಲೆ ಮನಶ್ಶಾಸ್ತ್ರಕ್ಕೆ ಬಂದವನು, ಜನರ ಕೈಗೆ ಬೀಪರ್ ಕೊಟ್ಟು, ಅದು ಕೂಗಿದ ಕ್ಷಣದಲ್ಲಿ ತಲೆಯಲ್ಲಿ ಏನಿತ್ತು ಬರೆದುಕೊಳ್ಳಿ ಅಂದ. ಸರಾಸರಿ ನೋಡಿದರೆ ನಾಲ್ಕರಲ್ಲೊಂದು ಸಲ ಒಳಮಾತು. ಕೆಲವರಲ್ಲಿ ಯಾವಾಗಲೂ, ಕೆಲವರ ತಲೆಯಲ್ಲಿ ಒಂದು ಪದವೂ ಇಲ್ಲ. ಇದನ್ನ ಆಫೀಸಿನ ಊಟದ ಟೇಬಲ್ ಮೇಲೆ ಹೇಳಿ ನೋಡಿ, ‘ಒಂದು ಪದವೂ ಇಲ್ವಾ?’ ಅಂತ ಅರ್ಧ ಟೇಬಲ್ ಬಾಯಿ ಬಿಡುತ್ತೆ, ಇನ್ನರ್ಧ ‘ನಿಮಗೆ ನಿಜವಾಗ್ಲೂ ದನಿ ಕೇಳ್ಸತ್ತಾ?’ ಅನ್ನುತ್ತೆ.

ಈ ಕಥೆಯ ಇತ್ತೀಚಿನ ಅಧ್ಯಾಯ ನಮ್ಮ ಕಸುಬಿಗೆ ಹತ್ತಿರದ್ದು. 2025ರ ಆಗಸ್ಟಿನಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ‘ಸೆಲ್’ ಪತ್ರಿಕೆಯಲ್ಲಿ ನಾಲ್ವರ ಮೇಲಿನ ಪ್ರಯೋಗ ಪ್ರಕಟಿಸಿದರು. ಕಾಯಿಲೆಯಿಂದ ಸ್ನಾಯುಗಳು ಸೋತು, ಮಾತು ಕೆಟ್ಟಿರುವ ಅಥವಾ ನಿಂತೇಹೋಗಿರುವ ನಾಲ್ವರು. ಮಿದುಳಿನ ಚಲನೆಯ ಭಾಗದಲ್ಲಿ ಪುಟ್ಟ ಎಲೆಕ್ಟ್ರೋಡ್‌ಗಳು. ಹೇಳಿದ ವಾಕ್ಯವನ್ನ ಅವರು ಮನಸ್ಸಲ್ಲೇ ಅಂದುಕೊಂಡರೆ ಸಾಕು, 1,25,000 ಪದಗಳ ಪಟ್ಟಿಯಿಂದ ಸಾಫ್ಟ್‌ವೇರ್ ಅದನ್ನ ಊಹಿಸುತ್ತೆ. ಅತ್ಯುತ್ತಮ ಫಲಿತಾಂಶ ಶೇ. 74ರಷ್ಟು ಸರಿ. ಬಾಯಿ ಆಡಿಸೋಕೆ ಒದ್ದಾಡೋದಕ್ಕಿಂತ ಇದು ಅವರಿಗೆ ಸಲೀಸು. ಲೆಬೋರ್ನ್‌ನಂಥವರಿಗೆ ಇಂಥದ್ದು ಎಷ್ಟು ದಕ್ಕುತ್ತೋ ಹೇಳೋಕಾಗಲ್ಲ, ಅವನಲ್ಲಿ ಮುರಿದಿದ್ದು ಬೇರೆ ಜಾಗ. ಆದರೆ ಸ್ಕಾಟ್ ಸ್ಮಿತ್ ಕೆಲವು ನಿಮಿಷ ಇದ್ದ ಸ್ಥಿತಿಯಲ್ಲಿ ವರ್ಷಗಟ್ಟಲೆ ಇರೋರಿಗೆ ಇದು ಬಾಗಿಲು.

ಬಾಗಿಲು ಅಂದ ಮೇಲೆ ಚಿಲಕದ ಪ್ರಶ್ನೆ ಬರಲೇಬೇಕು. ಒಂದು ಪರೀಕ್ಷೆಯಲ್ಲಿ ಪರದೆ ಮೇಲಿನ ಗುಲಾಬಿ ಬಣ್ಣದ ವೃತ್ತಗಳನ್ನ ಎಣಿಸೋಕೆ ಹೇಳಿದ್ದರು. ಮನಸ್ಸಲ್ಲಿ ಮಾತಾಡಿ ಅಂತ ಯಾರೂ ಹೇಳಿರಲಿಲ್ಲ. ಆದರೂ ಅವರು ಎಣಿಸುತ್ತಾ ಹೋದ ಅಂಕಿಗಳು ಯಂತ್ರಕ್ಕೆ ಸಿಕ್ಕವು. ಕೇಳದೆ ಬಂದ ಡೇಟಾ ಅದು. ಕೋಡ್ ಬರೆಯೋರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ತಂಡ ಎರಡು ಉಪಾಯ ಮಾಡಿತು. ಒಂದು, ಬಾಯಿ ಆಡಿಸುವ ಪ್ರಯತ್ನವನ್ನ ಮಾತ್ರ ಹಿಡಿದು ಒಳಮಾತನ್ನ ಬಿಟ್ಟುಬಿಡುವಂತೆ ಸಾಫ್ಟ್‌ವೇರಿಗೆ ತರಬೇತಿ. ಇನ್ನೊಂದು ಪಾಸ್‌ವರ್ಡ್. ‘ಚಿಟ್ಟಿ ಚಿಟ್ಟಿ ಬ್ಯಾಂಗ್ ಬ್ಯಾಂಗ್’ ಅಂತ ಮನಸ್ಸಲ್ಲಿ ಅಂದುಕೊಂಡರೆ ಮಾತ್ರ ಯಂತ್ರ ಕೇಳಿಸಿಕೊಳ್ಳಲು ಶುರುಮಾಡುತ್ತೆ. ಒಂದು ಹಳೆಯ ಮಕ್ಕಳ ಕಥೆಯ ಕಾರಿನ ಹೆಸರು ಅದು, ದಿನಬಳಕೆಯ ಯೋಚನೆಯಲ್ಲಿ ಅಕಸ್ಮಾತ್ತಾಗಿ ನುಗ್ಗೋ ಅಂಥದ್ದಲ್ಲ. ಶೇ. 98ಕ್ಕಿಂತ ಹೆಚ್ಚು ಸಲ ಅದನ್ನ ಸರಿಯಾಗಿ ಗುರುತಿಸಿತು.

ಇನ್ನೊಂದು ಪರೀಕ್ಷೆಯೂ ಆಯಿತು. ಕೊಟ್ಟ ವಾಕ್ಯ ಬೇಡ, ನಿಮಗೆ ತೋಚಿದ್ದನ್ನ ಸ್ವತಂತ್ರವಾಗಿ ಯೋಚಿಸಿ ಅಂದರು. ಯಂತ್ರ ಬರೆದದ್ದು ಬಹುಪಾಲು ತಲೆಬುಡವಿಲ್ಲದ ಪದಗಳು. ಎಲೆಕ್ಟ್ರೋಡ್ ಇನ್ನೂ ಹೆಚ್ಚಿಸಿದರೆ, ಮಾಡೆಲ್ ಇನ್ನೂ ದೊಡ್ಡದಾದರೆ ಸರಿಹೋಗಬಹುದು ಅನ್ನೋರಿದ್ದಾರೆ. ಇರಬಹುದು. ಆದರೆ ಆ ಸಾಫ್ಟ್‌ವೇರ್ ಕಲಿತಿರೋದು ಕರ್ತೃ ಕರ್ಮ ಕ್ರಿಯಾಪದ ಇರೋ ವಾಕ್ಯಗಳನ್ನ. ಒಳಗೆ ಓಡ್ತಿರೋದು ‘ಬಂತು’ ಅನ್ನೋ ಒಂದು ಪದ, ಒಮ್ಮೊಮ್ಮೆ ಅದೂ ಇಲ್ಲ. ಯಾವ ಬಸ್ಸು ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು?